ಮೆಟ್ಟಿಲು ಹತ್ತಬೇಕಾದವರು ಯಾರು?

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ನಾವು ಓದಿದೆವು. ರಸ್ತೆಯ ಜಾಗ ಹಂಚಬೇಕಾದ್ದು ಜನಕ್ಕೆ, ವಾಹನಕ್ಕಲ್ಲ ಅನ್ನುತ್ತದೆ. ಮಾತು ಚಿನ್ನದಂಥದ್ದು. ಆದರೆ ಬೆಂಗಳೂರು ಅದಕ್ಕೆ ಬರೆದ ಭಾಷ್ಯ ಓದಬೇಕಾದರೆ ಸ್ಕೈವಾಕಿನ ಕೆಳಗೆ ನಿಲ್ಲಬೇಕು.

ಕಾರು ನೆಲದ ಮೇಲೆ ನೆಟ್ಟಗೆ ಹೋಗುತ್ತದೆ. ತಲೆಮೇಲೆ ಸೊಪ್ಪಿನ ಪುಟ್ಟಿ ಹೊತ್ತ ಅವ್ವ, ಗಾರೆ ಕೆಲಸದಲ್ಲಿ ಮಂಡಿ ಸವೆಸಿಕೊಂಡವನು ಮೆಟ್ಟಿಲು ಹತ್ತಬೇಕು, ಇಳಿಯಬೇಕು. ಲಿಫ್ಟು ಇದ್ದ ಕಡೆ ಅದು ಓಡಿದ ದಿನವೇ ಪುಣ್ಯ. ಇವುಗಳಲ್ಲಿ ಎಷ್ಟೋ ಜಾಹೀರಾತಿನ ಹಕ್ಕಿಗಾಗಿ ಖಾಸಗಿಯವರು ಕಟ್ಟಿದವು: ಬೋರ್ಡು ಕಾರಿನವನ ಕಣ್ಣಿಗೆ, ಮೆಟ್ಟಿಲು ನಮ್ಮ ಕಾಲಿಗೆ. ಹತ್ತಲಾರದೆ ಕೆಳಗೇ ದಾಟಿ ಸತ್ತರೆ, 'ಅಡ್ಡ ನುಗ್ಗಿದ' ಅಂತ ಸತ್ತವನ ಮೇಲೇ ತಪ್ಪು. ದೊಡ್ಡವರು ಬಂದಾಗ ಪಕ್ಕಕ್ಕೆ ಸರಿದು ನಿಲ್ಲುವುದು ನಮ್ಮ ಕೇರಿಗಳಿಗೆ ಹೊಸ ಪಾಠವೇನಲ್ಲ.

1924ರಲ್ಲಿ ವೈಕಂ ಸತ್ಯಾಗ್ರಹ ಶುರುವಾದದ್ದೇ ದೇವಸ್ಥಾನದ ಸುತ್ತಲ ಬೀದಿಯಲ್ಲಿ ನಡೆಯುವ ಹಕ್ಕಿಗೆ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಜೊತೆ ರಸ್ತೆಯನ್ನೂ ಹೆಸರಿಟ್ಟು ಹೇಳಿತು. ಕಾರಿಲ್ಲದವರೆಲ್ಲ ಒಂದೇ ಜಾತಿಯಲ್ಲ, ಒಪ್ಪೋಣ. ಆದರೆ ಬೆಳಗಿನ ಜಾವ ಅದೇ ರಸ್ತೆ ಗುಡಿಸುವ ಹೆಣ್ಣುಮಕ್ಕಳು ಯಾವ ಕೇರಿಯವರು, ಕೇಳಿ ನೋಡಿ.

ನಮ್ಮನ್ನು ಮೇಲೆ ಹತ್ತಿಸುವುದು ಬೇಡ. ನೆಲದಲ್ಲೇ ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಲಿ, ಅಲ್ಲಿ ಕಾರು ನಿಧಾನವಾಗಲಿ. ಸಿಗ್ನಲ್ಲು ಮುದುಕಿಯ ನಡಿಗೆ ನೋಡಿ ಬದಲಾಗಲಿ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಚೆಂದದ ಕಲ್ಲು ಹಾಸಿದ ಸರ್ಕಾರಕ್ಕೆ ಸ್ಲಮ್ಮಿನ ಬಾಯಿಗೆ ಒಂದು ಜೀಬ್ರಾ ಪಟ್ಟೆ ಎಳೆಯಲು ಸುಣ್ಣ ಸಿಗುವುದಿಲ್ಲವೆ?