ರಾಗಸಂಯೋಜಕನ ಋತುಚರ್ಯೆ

ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ವರ್ಷವನ್ನು ಸಂಗೀತದಿಂದಲೇ ಎಣಿಸಬಹುದು: ಚೈತ್ರದಲ್ಲಿ ಶ್ರೀರಾಮನವಮಿಯ ಪೆಂಡಾಲಿನ ಕಚೇರಿಗಳು, ಶ್ರಾವಣದಲ್ಲಿ ದಾಸರ ಪದಗಳು, ಆಶ್ವಯುಜದಲ್ಲಿ ಬೊಂಬೆಗಳ ಮುಂದೆ ದೇವೀಕೃತಿಗಳು, ನವೆಂಬರ್ ಬಂದೊಡನೆ ಜಯನಗರದಿಂದ ಬನಶಂಕರಿಯವರೆಗೆ ಬೀದಿಬೀದಿಯಲ್ಲಿ ಹಳದಿ-ಕೆಂಪು ಬಾವುಟದ ಕೆಳಗೆ ಭಾವಗೀತೆಗಳು. ಈ ಆವರ್ತನದಲ್ಲಿ ಗಾಯಕನಿಗೆ ಶಾಲು ಸಲ್ಲುತ್ತದೆ, ಕವಿಯ ಹೆಸರನ್ನು ನಿರೂಪಕನು ಹೇಳುತ್ತಾನೆ. ಅಕ್ಷರಕ್ಕೆ ಸ್ವರವನ್ನು ಕೊಟ್ಟಾತನು ಮಾತ್ರ ಹಾರ್ಮೋನಿಯಮ್ಮಿನ ಹಿಂದೆಯೇ ಉಳಿಯುತ್ತಾನೆ. ಈ ಋತುವಿನಲ್ಲಿ ಆತನು ಯಾವ ಕವಿತೆಯನ್ನು ಕೈಗೆತ್ತಿಕೊಂಡನು, ಯಾವ ಧಾಟಿಯನ್ನು ಹಿಡಿದು ಬಿಟ್ಟನು, ಏಕೆ ಬಿಟ್ಟನು ಎಂದು ಕೇಳುವವರಿಲ್ಲ. ಕೇಳದಿರುವುದರಿಂದ ಆತನೂ ಹೇಳುವುದಿಲ್ಲ. ನಮ್ಮ ಸುಗಮ ಸಂಗೀತದ ವಿಮರ್ಶೆ ಬಡವಾಗಿರುವುದಕ್ಕೆ ಈ ಮೌನವೇ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಈ ಮೌನವು ಇಲ್ಲಿಯೇ ನೆಲೆಸಿರುವುದು ವಿಷಾದದ ಸಂಗತಿ. ಏಕೆಂದರೆ ಕವಿಯೂ ಸಂಯೋಜಕನೂ ಇಷ್ಟು ಹತ್ತಿರದಲ್ಲಿ ಬಾಳಿದ ಪ್ರದೇಶ ಕನ್ನಡನಾಡಿನಲ್ಲಿ ವಿರಳ. ‘ಮೈಸೂರ ಮಲ್ಲಿಗೆ’ಯ ನರಸಿಂಹಸ್ವಾಮಿಗಳು ತಮ್ಮ ಉತ್ತರವಯಸ್ಸನ್ನು ಕಳೆದುದು ಬನಶಂಕರಿಯಲ್ಲಿ, ಶಿವರುದ್ರಪ್ಪನವರೂ ಅಲ್ಲಿಯೇ ಮನೆ ಮಾಡಿದ್ದರು, ನಿಸಾರ್ ಅಹಮದ್ ಅವರು ಸಮೀಪದ ಪದ್ಮನಾಭನಗರದಲ್ಲಿದ್ದರು, ಸಂಯೋಜಕ ಸಿ. ಅಶ್ವತ್ಥ್ ಅವರ ವಾಸ ಜಯನಗರಕ್ಕೆ ಅನತಿದೂರದ ನರಸಿಂಹರಾಜ ಕಾಲೋನಿಯಲ್ಲಿ. ಕವಿತೆಯ ಒಂದು ಪದದಲ್ಲಿ ಸಂದೇಹ ಬಂದರೆ ಎದ್ದುಹೋಗಿ ಕವಿಯನ್ನೇ ಕೇಳಬಹುದಾಗಿದ್ದ ಕಾಲವದು.

ಭಾವಗೀತೆಯನ್ನು ವೇದಿಕೆಗೆ ತಂದ ಹಿರಿಯರಲ್ಲಿ ಪಿ. ಕಾಳಿಂಗರಾಯರು ಅಗ್ರಗಣ್ಯರು. ಅವರ ತರುವಾಯ ಬಂದ ಮೈಸೂರು ಅನಂತಸ್ವಾಮಿಯವರು ಆ ಕಲೆಗೆ ಮಿತವನ್ನು ಕಲಿಸಿದರು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಪ್ರಥಮ ಧ್ವನಿಸುರುಳಿಯೆಂದು ಪ್ರಸಿದ್ಧವಾಗಿದೆ, ನಿಸಾರರ ಆ ಗೀತಗಳಿಗೆ ಅನಂತಸ್ವಾಮಿಯವರು ಕೊಟ್ಟ ಮಟ್ಟುಗಳನ್ನು ಶಾಲೆಯ ಮಕ್ಕಳು ಎರಡು ಬಾರಿ ಕೇಳಿ ಮೂರನೆಯ ಬಾರಿ ಹಾಡಬಲ್ಲರು. ಇದು ಸಾಮಾನ್ಯ ಸಿದ್ಧಿಯಲ್ಲ. ಕಂಠದ ವ್ಯಾಪ್ತಿಯನ್ನು ಸಂಕೋಚಗೊಳಿಸಿ, ಗಮಕಗಳನ್ನು ಅಲ್ಪಮಾತ್ರಕ್ಕೆ ಇಳಿಸಿ, ಹಾಗಿದ್ದೂ ರಾಗದ ಮುಖ ಮರೆಯಾಗದಂತೆ ನೋಡಿಕೊಳ್ಳುವುದು ವಿದ್ವತ್ತಿಗಿಂತಲೂ ಸಂಯಮವನ್ನು ಬೇಡುತ್ತದೆ. ಆದರೆ ಈ ಸರಳತೆಗೆ ಒಂದು ಬೆಲೆಯುಂಟು: ಪಲ್ಲವಿಗೆ ಒಪ್ಪಿದ ಧಾಟಿಯೂ ಮೊದಲನೆಯ ಚರಣಕ್ಕೆ ಒಪ್ಪಿದ ಧಾಟಿಯೂ ಉಳಿದ ಚರಣಗಳಿಗೆಲ್ಲ ಹಾಗೆಯೇ ಹರಿದುಬರುವಾಗ, ಕೊನೆಯ ಚರಣದಲ್ಲಿ ಕವಿಯ ಭಾವ ತಿರುಗಿದ್ದರೂ ಸ್ವರ ತಿರುಗುವುದಿಲ್ಲ.

ಅಶ್ವತ್ಥರದು ಬೇರೆಯೇ ಪ್ರಕೃತಿ. ಐ.ಟಿ.ಐ. ಕಾರ್ಖಾನೆಯಲ್ಲಿ ದೀರ್ಘಕಾಲ ಉದ್ಯೋಗದಲ್ಲಿದ್ದು, ಆ ದುಡಿಮೆಯ ಜೊತೆಗೇ ಸಂಗೀತವನ್ನು ನಡೆಸಿಕೊಂಡು ಬಂದ ಈ ಸಂಯೋಜಕರು ‘ಕಾಕನಕೋಟೆ’, ‘ಸಂತ ಶಿಶುನಾಳ ಶರೀಫ’, ‘ಮೈಸೂರ ಮಲ್ಲಿಗೆ’, ‘ನಾಗಮಂಡಲ’ ಮೊದಲಾದ ಚಲನಚಿತ್ರಗಳಿಗೂ ಸಂಗೀತವನ್ನಿತ್ತರು. ಶರೀಫರ ತತ್ತ್ವಪದಗಳನ್ನು ಅವರು ಎತ್ತಿಕೊಂಡ ಬಗೆಯಲ್ಲಿ ಶ್ರುತಿಯ ಮೇಲುತುದಿಯನ್ನು ತಟ್ಟುವ ತೆರೆದ ಕಂಠ, ಮಾತಿಗೂ ಹಾಡಿಗೂ ನಡುವಣ ಸೀಮೆಯಲ್ಲಿ ನಿಂತು ಪದವನ್ನು ಎಸೆಯುವ ಧೈರ್ಯ, ಚರಣಚರಣಕ್ಕೂ ಬದಲಾಗುವ ನಡೆ, ಇವೆಲ್ಲವೂ ಆ ಪದಗಳ ಒಗಟಿಗೆ ತಕ್ಕವಾಗಿದ್ದುವು. ಅದೇ ಧೈರ್ಯವು ಮೃದುವಾದ ದಾಂಪತ್ಯಗೀತದ ಮೇಲೆ ಬಿದ್ದಾಗ ಕೆಲವೆಡೆ ಕವಿಯ ಧ್ವನಿಗಿಂತ ಗಾಯಕನ ಧ್ವನಿಯೇ ಮುಂದಾಯಿತೆಂಬುದನ್ನು ನಾನು ಗೌರವಪೂರ್ವಕವಾಗಿಯೇ ಹೇಳಬೇಕಾಗಿದೆ. ಆದರೂ 1992ರ ‘ಮೈಸೂರ ಮಲ್ಲಿಗೆ’ ಚಿತ್ರದಲ್ಲಿ ಅವರು ಕವಿತೆಯ ಕೈಹಿಡಿದು ನಡೆದುದನ್ನು ಕೇಳಿದವರು ಈ ದೋಷವನ್ನು ಅವರ ಸ್ವಭಾವಕ್ಕೆ ಹೊರಿಸಲಾರರು. ಅಲ್ಲಿ ವಾದ್ಯಗಳು ಕವಿತೆಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತವೆ. ಆ ಚಿತ್ರದ ಗೀತಗಳಿಗಾಗಿ ನರಸಿಂಹಸ್ವಾಮಿಗಳಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. 2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ನಡೆದ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಅಪಾರ ಜನಸ್ತೋಮ ಭಾವಗೀತೆಯನ್ನು ಕೇಳಿದುದು ನಾಡಿಗೆ ಹೆಮ್ಮೆಯ ದಿನ, ಆದರೆ ಏಕಾಂತದ ಓದಿಗೆಂದು ಹುಟ್ಟಿದ ಪದ್ಯಕ್ಕೆ ಅಷ್ಟು ದೊಡ್ಡ ಬಯಲು ಹಿತವಲ್ಲವೆಂದು ನನ್ನ ಅಭಿಪ್ರಾಯ.

ಸಂಯೋಜಕನನ್ನು ಅಳೆಯತಕ್ಕ ಮಾನ ಯಾವುದು? ರಾಗ ಸುಂದರವಾಗಿದೆಯೇ ಎಂಬ ಪ್ರಶ್ನೆ ಸಾಲದು. ಕನ್ನಡದ ಪದ್ಯವು ಮಾತ್ರೆಗಳ ಗಣದ ಮೇಲೆ ನಡೆಯುವಂಥದು. ಮೂರು ಮಾತ್ರೆಯ ಗಣವೊಂದು, ಐದು ಮಾತ್ರೆಯದೊಂದು, ಮೂರೂ ನಾಲ್ಕೂ ಕೂಡಿ ಏಳಾದುದು ಇನ್ನೊಂದು. ಐದರ ನಡೆಯ ಪದ್ಯವನ್ನು ಎಂಟರ ತಾಳಕ್ಕೆ ಕೂರಿಸುವಾತನು ಎಲ್ಲಿಯಾದರೂ ಮೂರು ಮಾತ್ರೆಗಳನ್ನು ತುಂಬಲೇಬೇಕು. ಅದನ್ನು ದೀರ್ಘಾಕ್ಷರದ ಮೇಲೆಯೋ ಪದದ ಕೊನೆಯ ವಿರಾಮದಲ್ಲಿಯೋ ತುಂಬಿದರೆ ಕಿವಿಗೆ ತಿಳಿಯದು. ಹ್ರಸ್ವದ ಮೇಲೆ ತುಂಬಿದರೆ ಮಲೆಯು ಮಾಲೆಯಾಗುತ್ತದೆ, ಸಮಾಸದ ನಡುವೆ ಉಸಿರು ಬಿದ್ದು ಅರ್ಥ ಎರಡಾಗಿ ಸೀಳುತ್ತದೆ. ತಬಲದ ಕೈಗೆ ಸುಲಭವೆಂಬ ಕಾರಣಕ್ಕೆ ಎಲ್ಲ ಪದ್ಯಗಳನ್ನೂ ದಾದ್ರಾ, ಕಹರವಾ ಎಂಬೆರಡು ಠೇಕಗಳಿಗೆ ಒಗ್ಗಿಸುವ ಇಂದಿನ ಅಭ್ಯಾಸದಿಂದ ಕವಿಯ ಛಂದಸ್ಸು ಎಷ್ಟು ನಷ್ಟಪಡುತ್ತಿದೆಯೆಂಬುದನ್ನು ತಿಳಿಯಬೇಕಾದರೆ, ಹಾಡನ್ನು ಕೇಳಿದ ಮೇಲೆ ಪುಸ್ತಕವನ್ನು ತೆರೆದು ಅದೇ ಪದ್ಯವನ್ನು ಗಟ್ಟಿಯಾಗಿ ಓದಿ ನೋಡಬೇಕು. ಕವಿತೆಯ ಅತ್ಯಂತ ಸೂಕ್ಷ್ಮ ಓದುಗನು ಸಂಯೋಜಕನೇ. ಪ್ರತಿ ಅಕ್ಷರಕ್ಕೂ ಆತನು ಒಂದು ತೀರ್ಮಾನವನ್ನು ಕೊಡಬೇಕಾಗುತ್ತದೆ. ಆ ತೀರ್ಮಾನಗಳ ಕಾರಣವನ್ನು ಆತನ ಬಾಯಿಂದಲೇ ಕೇಳುವುದು ಕಾವ್ಯವಿಮರ್ಶೆಗೂ ಲಾಭ.

ಕಾರಣಗಳು ದಾಖಲಾಗದೆ ಹೋದರೆ ಏನಾಗುತ್ತದೆಂಬುದಕ್ಕೆ ನಾಡಗೀತೆಯೇ ಉದಾಹರಣೆ. ಕುವೆಂಪು ಅವರ ಗೀತವು 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆಯಲ್ಲಿ ಸರ್ಕಾರದ ತೀರ್ಮಾನ ಹೊರಬೀಳಲು 2022 ಬಂದಿತು. ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಸರ್ಕಾರ ಗೊತ್ತುಪಡಿಸಿದಾಗ ಆ ಸಂಯೋಜಕರು ಗತಿಸಿ ಇಪ್ಪತ್ತೇಳು ವರ್ಷಗಳಾಗಿದ್ದುವು. ಲಯವನ್ನು ಎಷ್ಟು ಚುರುಕುಗೊಳಿಸಬಹುದು, ಎಲ್ಲಿ ಪುನರಾವೃತ್ತಿ ಅನಿವಾರ್ಯ ಎಂಬುದನ್ನು ಅವರಿಂದಲೇ ಕೇಳುವ ಅವಕಾಶ ಕಳೆದುಹೋಗಿದ್ದಿತು. ಕೇಳಬಹುದಾಗಿದ್ದ ಇನ್ನಿಬ್ಬರೂ ಆಗ ಉಳಿದಿರಲಿಲ್ಲ: 2009ರ ಜನವರಿಯಲ್ಲಿ ಅವರ ಪುತ್ರ ರಾಜು ಅನಂತಸ್ವಾಮಿಯವರೂ, ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ಅಶ್ವತ್ಥರೂ ತೀರಿಕೊಂಡರು.

ಸಂಗೀತಗಾರನೇ ಬರೆದಿಟ್ಟ ದಾಖಲೆಗೆ ಶಾಸ್ತ್ರೀಯ ಪಕ್ಷದಲ್ಲಿ ನಮಗೆ ಒಂದು ಉಜ್ಜ್ವಲ ನಿದರ್ಶನವಿದೆ. ಮೈಸೂರು ವಾಸುದೇವಾಚಾರ್ಯರು ಸ್ವತಃ ವಾಗ್ಗೇಯಕಾರರಾಗಿದ್ದೂ, ‘ನಾ ಕಂಡ ಕಲಾವಿದರು’ ಎಂಬ ಗ್ರಂಥದಲ್ಲಿ ತಮ್ಮ ಕಾಲದ ಸಂಗೀತಗಾರರ ಬದುಕನ್ನೂ ಕಲೆಯನ್ನೂ ತಿಳಿಗನ್ನಡದಲ್ಲಿ ಬಿಡಿಸಿಟ್ಟರು. ಎಂಬತ್ತರ ಮೇಲಿನ ವಯಸ್ಸಿನಲ್ಲಿ ಅಡಯಾರಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನು ರಚಿಸಿದ ಆ ಹಿರಿಯರಿಗೆ ಬರೆಯುವುದಕ್ಕೂ ಬಿಡುವಿದ್ದಿತು. ನಮ್ಮ ಭಾವಗೀತೆಯ ಪಕ್ಷದಲ್ಲಿ ಇಂಥ ಗ್ರಂಥಗಳು ತೀರ ಅಪೂರ್ವ. ಇರುವುದು ವೇದಿಕೆಯ ಮೇಲೆ ಎರಡು ಹಾಡುಗಳ ನಡುವೆ ಆಡಿದ ಮಾತುಗಳು ಮಾತ್ರ.

ಇಂದಿಗೂ ಈ ಭಾಗದಲ್ಲಿ ಯೋಗ್ಯ ಸಂಯೋಜಕರಿದ್ದಾರೆ. ಸಂಗೀತಕ್ಕೆ ಸಭಾಂಗಣಗಳೂ ಇವೆ. ಅಶ್ವತ್ಥರ ಹೆಸರಿನ ಕಲಾಭವನ ಅವರ ಕಾಲೋನಿಯಲ್ಲಿಯೇ ಇದೆ. ಕೊರತೆ ಇರುವುದು ಕ್ರಮದಲ್ಲಿ. ನವೆಂಬರಿನ ವೇದಿಕೆಗಳಲ್ಲಿ ಅವೇ ಹತ್ತು-ಹನ್ನೆರಡು ಹಾಡುಗಳು ವರ್ಷವರ್ಷವೂ ಮೊಳಗುತ್ತಿರಲು, ಹೊಸ ಕವಿಯ ಪದ್ಯವೊಂದನ್ನು ತಿಂಗಳುಗಟ್ಟಲೆ ತಿದ್ದಿ ಸಿದ್ಧಪಡಿಸಿದಾತನಿಗೆ ಕಾರ್ಯಕ್ರಮದ ನಡುವೆ ಐದು ನಿಮಿಷವೂ ದೊರೆಯುವುದಿಲ್ಲ. ಹಳೆಯ ಹಾಡುಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವು ನಮ್ಮ ಆಸ್ತಿ. ಯುಗಾದಿ, ಶ್ರಾವಣ, ನವರಾತ್ರಿ, ರಾಜ್ಯೋತ್ಸವ, ಈ ನಾಲ್ಕು ಸಂದರ್ಭಗಳಲ್ಲಿ ಒಂದೊಂದು ಸಂಜೆಯನ್ನಾದರೂ ಒಬ್ಬೊಬ್ಬ ಸಂಯೋಜಕರಿಗೆ ಬಿಟ್ಟುಕೊಡಿರೆಂದು ಸಂಘಟಕರಲ್ಲಿ ನನ್ನ ಪ್ರಾರ್ಥನೆ. ಆ ಋತುವಿನ ತಮ್ಮ ಬದುಕನ್ನೂ ಕೆಲಸವನ್ನೂ ಅವರು ತಾವೇ ಹೇಳಲಿ. ಮಾಡಿದ ಧಾಟಿಯನ್ನೂ ಕೈಬಿಟ್ಟ ಧಾಟಿಯನ್ನೂ ಅಕ್ಕಪಕ್ಕ ಹಾಡಿ ತೋರಿಸಲಿ. ಸ್ವರಲಿಪಿಯನ್ನು ಬರೆದು, ದಿನಾಂಕ ಹಾಕಿ, ಕವಿತೆಯ ಪಾಠದೊಡನೆ ಒಂದು ಪ್ರತಿಯನ್ನು ಬಡಾವಣೆಯ ಗ್ರಂಥಾಲಯಕ್ಕೆ ಕೊಡಲಿ. ಕೇಳುಗರಾದ ನಾವು ಆ ಸಂಜೆಗೆ ಕವನಸಂಗ್ರಹವನ್ನು ಕೈಯಲ್ಲಿ ಹಿಡಿದು ಹೋಗಬೇಕು.