ಕಾರಣದ ಕಾಲಮ್ಮು

ಮಕ್ಕಳು ಶಾಲೆ ಬಿಡುವುದರ ಬಗ್ಗೆ ನಮ್ಮಲ್ಲಿ ವರದಿಗಳಿಗೆ ಕೊರತೆಯಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ ಓದು ನಿಲ್ಲಿಸಿದ್ದಕ್ಕೆ ಗಂಡುಮಕ್ಕಳ ವಿಷಯದಲ್ಲಿ ಮುಂದೆ ನಿಂತ ಕಾರಣ ದುಡಿಮೆ, ಹೆಣ್ಣುಮಕ್ಕಳ ವಿಷಯದಲ್ಲಿ ಮನೆಗೆಲಸ. ಇಬ್ಬರಿಗೂ ಅನ್ವಯಿಸುವ ಇನ್ನೊಂದು ಉತ್ತರವೂ ಪಟ್ಟಿಯಲ್ಲಿದೆ: 'ಓದಿನಲ್ಲಿ ಆಸಕ್ತಿಯಿಲ್ಲ.' ಕತೆ ಬರೆಯುವವರಿಗೆ ಅನುಮಾನ ಹುಟ್ಟುವುದು ಇಲ್ಲಿಯೇ. ಈ ಮಾತನ್ನು ಆಡಿದವರು ಯಾರು? ಸಮೀಕ್ಷೆಯವರು ಬಾಗಿಲು ತಟ್ಟಿದಾಗ ಸಾಮಾನ್ಯವಾಗಿ ಉತ್ತರಿಸುವವರು ಮನೆಯ ಹಿರಿಯರು. ಎಷ್ಟೋ ಸಲ ಶಾಲೆ ಬಿಡಿಸಿದವರೇ ಬಿಟ್ಟ ಕಾರಣವನ್ನೂ ಬರೆಸುತ್ತಾರೆ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕತೆಯ ಮೆಹರುನ್, ತನ್ನನ್ನು ಓದಿಸಿ ಎಂದು ಅಂಗಲಾಚಿದ್ದನ್ನು ತವರಿನವರಿಗೆ ನೆನಪಿಸುತ್ತಾಳೆ. ಅಷ್ಟು ಹೊತ್ತಿಗೆ ಅವಳು ಐದು ಮಕ್ಕಳ ತಾಯಿ. ಕಾಲಮ್ಮಿನಲ್ಲಿ ಅವಳು 'ಮದುವೆ' ಎಂಬ ಒಂದೇ ಪದ. ಅಂಗಲಾಚಿದ್ದು, ಯಾರೂ ಕಿವಿಗೊಡದಿದ್ದದ್ದು ಕತೆಯಲ್ಲಿ ಮಾತ್ರ ಉಳಿದಿದೆ.

ಆದರೆ ನಮ್ಮ ಕತೆಗಳಿಗೂ ಒಂದು ಕಣ್ಣು ಮಂದ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗ ಹಾದುಹೋಗುತ್ತಾನೆ. ಅವನ ಓದು ಕೆಲವರಿಗಷ್ಟೇ ವಸ್ತುವಾಗಿದೆ. ಅವನು ಸಂಬಳ ತರುವುದರಿಂದ ಮನೆ ಅವನನ್ನು ಜವಾಬ್ದಾರ ಎನ್ನುತ್ತದೆ, ನಾವೂ ಒಪ್ಪಿಬಿಡುತ್ತೇವೆ. ತಮ್ಮಂದಿರನ್ನು ಎತ್ತಿ ಆಡಿಸುವ ಹುಡುಗಿಯ ಕೆಲಸಕ್ಕೆ ಆ ಹೆಸರೂ ಇಲ್ಲ.

2006ರ ಸಾಚಾರ್ ವರದಿ ಈ ವ್ಯತ್ಯಾಸವನ್ನು ಗುರುತಿಸಿತ್ತು. ಓದಿದರೂ ನೌಕರಿ ಸಿಗದೆಂಬ ನಿರಾಸೆ ಒಂದು ಕಡೆ. ಹತ್ತಿರದಲ್ಲಿ ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲು, ಶಿಕ್ಷಕಿಯರು ಇಲ್ಲದಿರುವುದು ಇನ್ನೊಂದು ಕಡೆ. ಹುಡುಗನ ಮನೆಯ ಪ್ರಶ್ನೆ 'ಓದಿ ಏನು ಸಿಗುತ್ತದೆ?' ಹುಡುಗಿಯ ಮನೆಯದು 'ಕಳಿಸುವುದಾದರೂ ಎಲ್ಲಿಗೆ?' ಒಂದೇ ವಿದ್ಯಾರ್ಥಿವೇತನ ಈ ಎರಡಕ್ಕೂ ಉತ್ತರವಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕಕ್ಕೆ ಮುಗಿಯುತ್ತದೆ. ಹುಡುಗನ ಕೈಗೆ ಕೂಲಿ ಸಿಗತೊಡಗುವುದೂ ಹುಡುಗಿಯ ಸಂಬಂಧದ ಮಾತು ಮನೆಯಲ್ಲಿ ಏಳುವುದೂ ಹೆಚ್ಚುಕಡಿಮೆ ಆ ವಯಸ್ಸಿನಲ್ಲೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಜಮಾಅತ್‌ಗಳು ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತವೆ. ಸಂತೋಷ. ಅದೇ ಮೊಹಲ್ಲಾದಲ್ಲಿ ಎಂಟನೆಯ ತರಗತಿಯ ನಂತರ ಕಾಣೆಯಾದ ಮಕ್ಕಳ ಪಟ್ಟಿಯನ್ನೂ ಆ ವೇದಿಕೆಯಲ್ಲೇ ಓದಬಾರದೇಕೆ? ಹೆಸರು ಬೇಡ, ಸಂಖ್ಯೆ ಸಾಕು. ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಬೇರೆ ಬೇರೆಯಾಗಿ. ಆಮೇಲೆ ಆ ಮನೆಗಳಿಗೆ ಹೋಗಿ, ಹಿರಿಯರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮಕ್ಕಳನ್ನೇ ಕೇಳಬೇಕು. ಆಸಕ್ತಿಯಿಲ್ಲ ಎಂದು ಎಷ್ಟು ಮಂದಿ ಹೇಳುತ್ತಾರೋ ನೋಡೋಣ.