ವೈದ್ಯರ ನಿಶ್ಚಯ ಮತ್ತು ತಾಂಡಾದ ಮಹಿಳೆ: ಒಂದು ರೋಮನ್ ಉತ್ತರದ ವಿಮರ್ಶೆ

ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಕುರಿತು ವಿಶ್ವಾಸ ಸಿದ್ಧಾಂತ ಪೀಠವು ಎರಡು ಬಾರಿ ಉತ್ತರಿಸಿದೆ. ತಾಯಿಯ ಜೀವಕ್ಕೆ ಅಥವಾ ಆರೋಗ್ಯಕ್ಕೆ ಸದ್ಯವೇ ಗಂಭೀರ ಅಪಾಯವಿದ್ದರೆ ಅದು ಸಮ್ಮತ. ಮುಂದಿನ ಗರ್ಭಧಾರಣೆಯ ಅಪಾಯವನ್ನು ತಪ್ಪಿಸಲೆಂದೇ ಮಾಡಿದರೆ ಅದು ಸಂತಾನಹರಣವಾದ್ದರಿಂದ ಅಸಮ್ಮತ ಎಂದಿತು 1993ರ ಉತ್ತರ. 2018ರ ಡಿಸೆಂಬರ್ 10ರ ಉತ್ತರವು ಮತ್ತೊಂದು ಸನ್ನಿವೇಶವನ್ನು ಪರಿಶೀಲಿಸಿತು. ಗರ್ಭಕೋಶವು ಸರಿಪಡಿಸಲಾಗದಷ್ಟು ಕೆಟ್ಟಿದ್ದು, ಶಿಶು ಬದುಕಬಲ್ಲ ಹಂತ ತಲಪುವ ಮೊದಲೇ ಗರ್ಭಪಾತವಾಗುವುದೆಂದು ತಜ್ಞರು ನಿಶ್ಚಯಿಸಿದ್ದರೆ, ಆ ಶಸ್ತ್ರಚಿಕಿತ್ಸೆ ಸಂತಾನಹರಣವಲ್ಲ. ವೈದ್ಯರೊಡನೆಯೂ ಆಧ್ಯಾತ್ಮಿಕ ಮಾರ್ಗದರ್ಶಿಯೊಡನೆಯೂ ಸಮಾಲೋಚಿಸಿ ತೀರ್ಮಾನಿಸುವವರು ದಂಪತಿಗಳೇ.

ಈ ತರ್ಕದಲ್ಲಿ ದೋಷವಿಲ್ಲ. ಆದರೆ ಇಡೀ ಉತ್ತರ ನಿಂತಿರುವುದು ವೈದ್ಯರ ನಿಶ್ಚಯದ ಮೇಲೆ. ಆ ನಿಶ್ಚಯ ಪ್ರಾಮಾಣಿಕವಾದುದು, ಮಹಿಳೆಗೆ ಅರ್ಥವಾಗುವಂತೆ ತಿಳಿಸಲ್ಪಟ್ಟುದು ಎಂದು ಅದು ಭಾವಿಸಿಕೊಂಡಿದೆ. ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ತಾಂಡಾಗಳಲ್ಲಿ ನಿಂತು ಓದುವವರಿಗೆ ಈ ಭಾವನೆ ಸುಲಭವಾಗಿ ಒಪ್ಪಿಗೆಯಾಗದು.

ನೆರೆಯ ಕಲಬುರಗಿ ಜಿಲ್ಲೆಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ತನಿಖೆಗೆ ಒಳಗಾದವು. ಬಹುಪಾಲು ಸಂತ್ರಸ್ತರು ಲಂಬಾಣಿ ಮತ್ತು ದಲಿತ ಮಹಿಳೆಯರು. ಅನೇಕರು ನಲವತ್ತರ ಒಳಗಿನವರು. ಬೆನ್ನುನೋವು, ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಗಿತ್ತು. ಕಬ್ಬಿನ ಕಟಾವಿಗೆ ಗುಳೆ ಹೋಗುವವರಿಗೆ ಒಂದು ದಿನದ ಬೇನೆಯೆಂದರೆ ಒಂದು ದಿನದ ಕೂಲಿ. ಮನೆಯ ಮಾತು ಲಂಬಾಣಿ. ಸಹಿ ಹಾಕಬೇಕಾದ ಕಾಗದ ಬೇರೆ ಭಾಷೆಯದು. ಇಂಥಲ್ಲಿ ‘ಸಮ್ಮತಿ’ ಎಂಬ ಪದಕ್ಕೆ ಏನರ್ಥ?

ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ರೋಮನ್ನು ದೂರುವುದು ಸಲ್ಲದು ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವೇ. ಕೊರತೆಯಿರುವುದು ಆ ಉತ್ತರವನ್ನೇ ಪೂರ್ಣ ಪಾಠವೆಂದು ಕಲಿಸುವ ಕ್ರಮದಲ್ಲಿ. ಇಬ್ಬರು ಮೂವರು ಮಕ್ಕಳಾದ ಮೇಲೆ ಸಂತಾನಹರಣ ಚಿಕಿತ್ಸೆಯನ್ನು ಮೊದಲೇ ಮಾಡಿಸಿಕೊಂಡಿರುವ ಮಹಿಳೆಯ ವಿಷಯದಲ್ಲಿ ‘ಇದು ಸಂತಾನಹರಣವೇ?’ ಎಂಬ ಪ್ರಶ್ನೆ ಏನನ್ನೂ ಬೆಳಗಿಸುವುದಿಲ್ಲ. ದೇಹದ ಒಂದು ಅಂಗವನ್ನು ಇಡೀ ದೇಹದ ಒಳಿತಿಗಾಗಿ ಮಾತ್ರ ತೆಗೆಯಬಹುದೆಂದು ಜಗದ್ಗುರು ಹನ್ನೆರಡನೆಯ ಪಿಯುಸ್ 1952ರಲ್ಲಿ ವಿವರಿಸಿದ ಸಮಗ್ರತೆಯ ತತ್ತ್ವವೇ ಇಲ್ಲಿ ಬೇಕಾದುದು. ಈ ಅಳತೆಯಿಂದ ನೋಡಿದಾಗ ಪಾಪದ ಪ್ರಶ್ನೆ ಮೊದಲು ಎದುರಾಗುವುದು ಚಾಕು ಹಿಡಿದವನಿಗೆ, ಮಲಗಿದವಳಿಗಲ್ಲ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದ ರಕ್ತಸ್ರಾವದ ಮಹಿಳೆಯನ್ನು ಅವಳ ವಿಶ್ವಾಸಕ್ಕಾಗಿ ನಾವು ಕೊಂಡಾಡುತ್ತೇವೆ. ಹಲವು ವೈದ್ಯರ ಕೈಯಲ್ಲಿ ಬಹಳ ನೊಂದು, ಇದ್ದುದೆಲ್ಲವನ್ನೂ ಕಳೆದುಕೊಂಡು, ಇನ್ನಷ್ಟು ಕೆಟ್ಟ ಸ್ಥಿತಿಗೆ ಬಂದಿದ್ದಳೆಂಬ 26ನೆಯ ವಚನ ಪ್ರಬೋಧನೆಗಳಲ್ಲಿ ಬಹುಬೇಗ ದಾಟಿಹೋಗುತ್ತದೆ. ಯೇಸುಸ್ವಾಮಿ ದಾರಿಯಲ್ಲಿ ನಿಂತರು. ಅವಳು ನಡೆದುದೆಲ್ಲವನ್ನೂ ಹೇಳಿದಳು. ಆಮೇಲೆ ಅವಳನ್ನು ಮಗಳೆಂದು ಕರೆದರು.

ಆ ನಿಲುಗಡೆಯನ್ನು ಪಾಲನಾ ಸೇವೆಯಲ್ಲಿ ಹೀಗೆ ಕಾರ್ಯಗತಗೊಳಿಸಬಹುದು: ಸಲಹೆ ಕೇಳಿ ಬಂದವಳನ್ನು, ಯಾವ ಪರೀಕ್ಷೆ ನಡೆಯಿತು, ಔಷಧದ ದಾರಿಯನ್ನು ಹೇಳಿದರೇ, ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆದಳೇ, ಅವಳ ಮಾತಿನಲ್ಲೇ ವಿವರಿಸಿದವರು ಇದ್ದರೇ ಎಂದು ವಿಚಾರಿಸುವುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಆದೇಶಿಸಿದೆ. ಆಧ್ಯಾತ್ಮಿಕ ಮಾರ್ಗದರ್ಶಿಗೆ 2018ರ ಉತ್ತರವು ಸಮಾಲೋಚನೆಯಲ್ಲಿ ಒಂದು ಸ್ಥಾನ ಕೊಟ್ಟಿದೆ. ತಾಂಡಾದಲ್ಲಿ ಆ ಸ್ಥಾನದ ಮೊದಲ ಕರ್ತವ್ಯ ಅನುಮತಿ ನೀಡುವುದಲ್ಲ, ವೈದ್ಯರ ನಿಶ್ಚಯವನ್ನು ಅವಳ ಪರವಾಗಿ ಪ್ರಶ್ನಿಸುವುದು.